ಲುಬ್ಧಕದ ಮೇಲೆ ಎಪ್ಪತ್ತಾರು ಪಟ್ಟು

ಹೋದ ತಿಂಗಳು ಕಾಪುವಿನ ಮನೆಯಲ್ಲಿ ತಮ್ಮನ ಮಗಳ ಮದರಂಗಿ. ಅವಳ ಗೆಳತಿಯರೆಲ್ಲ ಚಾವಡಿಯಲ್ಲಿ ಸುತ್ತ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಮಲ್ಲಿಗೆಯ ಚೆಂಡು ಬಿಡಿಸುತ್ತಾ ಇದ್ದೆ. ಒಬ್ಬಳು ಕೆಂಪು ಸೀಸೆಯ ಮುಚ್ಚಳ ತಿರುಗಿಸಿದ್ದೇ ತಡ, ಆ ವಾಸನೆ ಮೂಗಿಗೆ ಬಡಿದು ನಾನು ಎದ್ದು ಅಂಗಳಕ್ಕೆ ನಡೆದೆ. "ಅತ್ತೆಗೆ ಎಂತ ಆಯ್ತು?" ಎಂದು ಮದುಮಗಳು ಹಿಂದಿನಿಂದಲೇ ಓಡಿ ಬಂದಳು. "ಅಲರ್ಜಿ" ಎಂದೆ. ಅಲರ್ಜಿಯೂ ಅಲ್ಲ, ಮಣ್ಣೂ ಅಲ್ಲ. ಅದು ಸ್ಟೆನ್ಸಿಲ್ ಹಾಳೆಯ ಮೇಲೆ ತಪ್ಪು ಮುಚ್ಚಲು ಬಳಿಯುತ್ತಿದ್ದ ದ್ರವದ ವಾಸನೆ. ಉಗುರುಬಣ್ಣದ ವಾಸನೆ, ಅದರ ವಾಸನೆ ಎರಡೂ ಒಂದೇ. ಈಗಿನ ಮಕ್ಕಳಿಗೆ ಸ್ಟೆನ್ಸಿಲ್ ಎಂದರೆ ಏನೆಂದು ಗೊತ್ತಿಲ್ಲ, ನನಗೆ ಮರೆಯುವುದಿಲ್ಲ.

ಅದು ಸಾವಿರದ ಒಂಬೈನೂರ ಎಂಬತ್ತನೆಯ ಇಸವಿ. ಫೆಬ್ರವರಿಯಲ್ಲಿ ದೊಡ್ಡ ಸೂರ್ಯಗ್ರಹಣ ಆದ ವರ್ಷ. ನನಗೆ ಇಪ್ಪತ್ಮೂರು. ಕಾರ್ಕಳದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಡೆಮಾನ್‌ಸ್ಟ್ರೇಟರ್ ಆಗಿ ಸೇರಿ ಏಳು ತಿಂಗಳಾಗಿತ್ತು. ಕೆಲಸ ತಾತ್ಕಾಲಿಕ. ಜೂನ್‌ನಲ್ಲಿ ಖಾಯಂ ಆಗುತ್ತದೋ ಮನೆಗೆ ಕಳುಹಿಸುತ್ತಾರೋ ಎಂಬುದು ವಿಭಾಗದ ಮುಖ್ಯಸ್ಥರ ಕೈಯಲ್ಲಿತ್ತು. ಅವರನ್ನು ನಾವೆಲ್ಲ ದೊಡ್ಡ ಸರ್ ಎನ್ನುತ್ತಿದ್ದೆವು. ದೊಡ್ಡ ಸರ್ ಬೈಯಲು ಶುರು ಮಾಡಿದರೆ ಕೆಳಗಿನ ಆಫೀಸಿನವರೂ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ನಾನಂತೂ ಅವರ ಚಪ್ಪಲಿಯ ಸದ್ದು ಕೇಳಿದರೆ ಸುಮ್ಮನೆ ಒಂದು ಬೀಕರ್ ಎತ್ತಿ ಒರೆಸುತ್ತಿದ್ದೆ. ಅಷ್ಟು ಪುಕ್ಕಲಿ.

ನಾನು ಉಳಿದುಕೊಂಡದ್ದು ಕುಕ್ಕುಂದೂರಿನ ಚಿಕ್ಕಮ್ಮನ ಮನೆಯಲ್ಲಿ. ಬೆಳಿಗ್ಗೆ ಏಳಕ್ಕೇ ಕಲ್ಲುಕೋರೆಯ ಉಳಿ-ಸುತ್ತಿಗೆಯ ಸದ್ದು ಶುರುವಾಗುತ್ತಿತ್ತು. ಆ ವರ್ಷ ಜನವರಿಯಲ್ಲೇ ಸೆಕೆ. ಗೇರು ಹೂ ಬಿಟ್ಟು ದಾರಿಯೆಲ್ಲ ಘಮ ಘಮ. ಕಾಲೇಜಿಗೆ ಗದ್ದೆಯ ಹುಣಿಯ ಮೇಲೆ ನಡೆದು ಹೋಗುವಾಗ ಕೆಲವು ದಿನ ನನ್ನ ಜತೆಯಾಗುತ್ತಿದ್ದವಳು ಗುಲಾಬಿ.

ಗುಲಾಬಿ ಮೊದಲ ಪಿಯುಸಿ. ಅಪ್ಪ ಕೋರೆಯಲ್ಲಿ ಕಲ್ಲು ಒಡೆಯುವವರು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಇಂಗ್ಲಿಷಿನ ಪಾಠಗಳ ನಡುವೆ ಹೆಣಗುತ್ತಿದ್ದಳು. ಹೆಣಗುತ್ತಿದ್ದದ್ದು ಭಾಷೆಗೆ ಮಾತ್ರ. ಲೆಕ್ಕಕ್ಕೆ ಕೂತರೆ ಎಲ್ಲರಿಗಿಂತ ಮೊದಲು ಮುಗಿಸಿ ಕಿಟಕಿಯ ಹೊರಗೆ ನೋಡುತ್ತಾ ಕೂರುವಳು. ನಾನು ಎಷ್ಟೋ ಸಲ, "ಇನ್ನೊಮ್ಮೆ ನೋಡು ಮಾರಾಯ್ತಿ, ತಪ್ಪಿರಬಹುದು" ಎಂದಿದ್ದೇನೆ. "ನೋಡಿದೆ ಟೀಚರ್, ಸರಿ ಉಂಟು" ಎನ್ನುವಳು. ಸರಿಯೇ ಇರುತ್ತಿತ್ತು. ಆ ಧೈರ್ಯ ನನಗೆ ಆ ವಯಸ್ಸಿನಲ್ಲಿ ಇರಲಿಲ್ಲ, ಆಮೇಲೂ ಬರಲಿಲ್ಲ.

ಗ್ರಹಣದ ಸುದ್ದಿ ಎದ್ದ ಮೇಲೆ ಎಲ್ಲರ ಬಾಯಲ್ಲೂ ಸೂರ್ಯ, ಚಂದ್ರ, ನಕ್ಷತ್ರ. ಬೇಸಿಗೆ ರಜೆಯಲ್ಲಿ ಮಣಿಪಾಲದಲ್ಲಿ ಮೂರು ವಾರದ ನಕ್ಷತ್ರವಿಜ್ಞಾನದ ಶಿಬಿರ ನಡೆಯುವುದಿತ್ತು. ಅಲ್ಲೇ ಊಟ, ವಸತಿ, ದೂರದರ್ಶಕದಲ್ಲಿ ನೋಡಲು ಅವಕಾಶ. ಒಂದು ಕಾಲೇಜಿನಿಂದ ಒಬ್ಬರಿಗೆ ಮಾತ್ರ, ಅದೂ ಪರೀಕ್ಷೆ ಬರೆದು. ಗುಲಾಬಿಗೆ ಅದು ಬೇಕಾಗಿತ್ತು. ಬಿ.ಎಸ್ಸಿ. ಮಾಡಿ ಫಿಸಿಕ್ಸ್ ಟೀಚರ್ ಆಗಬೇಕೆಂದು ಹುಣಿಯ ಮೇಲೆ ನಡೆಯುವಾಗ ನನ್ನ ಹತ್ತಿರ ಹೇಳಿದ್ದಳು. "ನಿಮ್ಮ ಹಾಗೆ" ಎಂದು ಬೇರೆ ಸೇರಿಸಿದ್ದಳು.

ಪ್ರಶ್ನೆಪತ್ರಿಕೆ ಮಣಿಪಾಲದಿಂದ ಇಂಗ್ಲಿಷಿನಲ್ಲಿ ಬಂತು. ಕನ್ನಡದಲ್ಲಿ ಬರೆಯುವವರಿಗೆ ಆಯಾ ಕಾಲೇಜಿನವರೇ ಅನುವಾದ ಮಾಡಿ ಕೊಡಬೇಕು. ನನ್ನ ಅಕ್ಷರ ದುಂಡಗೆ ಉಂಟು ಎಂದು ದೊಡ್ಡ ಸರ್ ಆ ಕೆಲಸ ನನಗೆ ವಹಿಸಿದರು. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಕಡ್ಡಿಯಿಂದ ಬರೆಯಬೇಕು. ಕಡ್ಡಿ ಹೋದಲ್ಲಿ ಮೇಣ ಸರಿದು, ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕಿ ತಿರುಗಿಸಿದಾಗ ಅಲ್ಲಿ ಮಸಿ ಇಳಿಯುತ್ತದೆ. ಇಂಗ್ಲಿಷಿಗೆ ಸುಲಭ, ಬೆರಳಚ್ಚಿನ ಯಂತ್ರ ಉಂಟು. ಕನ್ನಡದ್ದು ಕೈಯಲ್ಲೇ. ನಮ್ಮ ಅಕ್ಷರವೋ ಸುತ್ತು ಸುತ್ತು. ಸುತ್ತಿನ ಒಳಗಿನ ಮೇಣ ಪುಳಕ್ಕನೆ ಉದುರಿ ಹಾಳೆ ತೂತಾಗುವುದು. ಆಗ ಆ ಜಾಗಕ್ಕೆ ದ್ರವ ಬಳಿದು, ಒಣಗಲು ಬಿಟ್ಟು, ಮೇಲೆ ಪುನಃ ಬರೆಯಬೇಕು.

ಐದನೆಯ ಪ್ರಶ್ನೆ ಹೀಗಿತ್ತು. ಲುಬ್ಧಕ ನಕ್ಷತ್ರದ ದ್ರವ್ಯರಾಶಿ ಇಷ್ಟು, ವ್ಯಾಸಾರ್ಧ ಇಷ್ಟು. ಅದರ ಮೇಲ್ಮೈಯಲ್ಲಿ ಗುರುತ್ವ ಭೂಮಿಯ ಎಷ್ಟು ಪಟ್ಟು? ಹತ್ತು ಅಂಕ. ಲೆಕ್ಕದ ದಾರಿ ಸರಳ. ನಕ್ಷತ್ರದಲ್ಲಿ ಎಷ್ಟು ದ್ರವ್ಯ ಇದೆಯೋ ಅಷ್ಟು ಸೆಳೆತ. ನಡುವಿನಿಂದ ಮೇಲ್ಮೈ ಎಷ್ಟು ದೂರವೋ ಆ ದೂರದ ವರ್ಗದಿಂದ ಅದನ್ನು ಭಾಗಿಸಬೇಕು. ದೂರ ಅರ್ಧವಾದರೆ ಸೆಳೆತ ನಾಲ್ಕು ಪಟ್ಟಾಗುತ್ತದೆ. ಇದನ್ನು ನಾನು ಆಮೇಲೆ ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇನೆ. ಪ್ರತಿ ಸಲವೂ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

'ವ್ಯಾಸಾರ್ಧ' ಎಂದು ಬರೆಯುವಾಗ ಕೊನೆಯ 'ರ್ಧ'ದ ಹೊಟ್ಟೆ ಹರಿಯಿತು. ದ್ರವ ಬಳಿದೆ. ಸಾ ಅಕ್ಷರದ ಬಾಲದ ಮೇಲೂ ಹರಡಿತು. ಒಣಗಲಿ ಎಂದು ಬಾಯಲ್ಲಿ ಊದುತ್ತಿರುವಾಗ ದೊಡ್ಡ ಸರ್ ಕೂಗಿದರು. ಗ್ರಹಣ ನೋಡುವ ರಟ್ಟಿನ ಡಬ್ಬಿಗಳು ಎಷ್ಟಾದವು, ಸೂಜಿತೂತು ಯಾರು ಮಾಡುವುದು, ಎಂದೆಲ್ಲ ಅರ್ಧ ಗಂಟೆ. ತಿರುಗಿ ಬಂದು ನೋಡಿದರೆ ಹಾಳೆ ಚೆನ್ನಾಗಿ ಒಣಗಿತ್ತು. ಮುಂದಿನ ಸಾಲಿನಿಂದ ಬರೆದುಕೊಂಡು ಹೋದೆ. ಮುಗಿಸಿ ಯಂತ್ರಕ್ಕೆ ಹಾಕಿ ತಿರುಗಿಸಿದೆ. ಹತ್ತು ಪ್ರತಿ ಸಾಕಿತ್ತು. ಓದಿ ನೋಡಬೇಕಿತ್ತು, ನೋಡಲಿಲ್ಲ.

ಇಂಗ್ಲಿಷಿನವರು ಯಾರೂ ಈ ತಪ್ಪು ಮಾಡಲಾರರು. ಅವರಿಗೆ ಎರಡಕ್ಕೂ ಬೇರೆ ಬೇರೆ ಶಬ್ದ. ನಮ್ಮಲ್ಲಿ ಬಾಲ ಕತ್ತರಿಸಿದರೆ ಸಾಕು, ವ್ಯಾಸಾರ್ಧ ಹೋಗಿ ವ್ಯಾಸ ಆಗುತ್ತದೆ.

ಕನ್ನಡದಲ್ಲಿ ಬರೆದವರು ನಾಲ್ವರು. ಅವರಲ್ಲಿ ಮೂವರು ಐದನೆಯ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಗ್ರಹಣಕ್ಕೆ ಎರಡು ದಿನ ಇರುವಾಗ ಫಲಿತಾಂಶ ಹಾಕಿದರು. ಇಂಗ್ಲಿಷಿನಲ್ಲಿ ಬರೆದ ಕಾರ್ಕಳ ಪೇಟೆಯ ಒಬ್ಬ ಹುಡುಗ ಆಯ್ಕೆಯಾಗಿದ್ದ. ಒಳ್ಳೆಯ ಹುಡುಗ, ಅವನ ತಪ್ಪು ಏನೂ ಇಲ್ಲ. ಗುಲಾಬಿ ಅವನಿಗಿಂತ ಆರು ಅಂಕ ಕಡಿಮೆಯಾಗಿ ಎರಡನೆಯವಳು. "ಪಾಪ, ಬೇರೆಲ್ಲ ಚಂದ ಮಾಡಿದ್ದಾಳೆ. ಐದನೆಯದರಲ್ಲಿ ಎಂತದೋ ಆಯಿತು" ಎಂದರು ದೊಡ್ಡ ಸರ್, ಉತ್ತರಪತ್ರಿಕೆಗಳನ್ನು ನನ್ನ ಮೇಜಿನ ಮೇಲೆ ಇಡುತ್ತಾ.

ಸಂಜೆ ಗುಲಾಬಿ ಲ್ಯಾಬಿಗೆ ಬಂದಳು. ಅಳುತ್ತಿರಲಿಲ್ಲ. "ಟೀಚರ್, ಐದನೆಯದು ಎಲ್ಲಿ ತಪ್ಪಿತು ಒಮ್ಮೆ ತೋರಿಸ್ತೀರಾ? ನಾನು ಮನೆಯಲ್ಲಿ ಮೂರು ಸಲ ಮಾಡಿದೆ. ಎಪ್ಪತ್ತಾರೇ ಬರ್ತದೆ."

ನಾನು ಅವಳ ಪತ್ರಿಕೆ ತೆಗೆದೆ. ಸರಿಯಾದ ಉತ್ತರ ಹತ್ತೊಂಬತ್ತು ಪಟ್ಟು. ಅವಳದ್ದು ಎಪ್ಪತ್ತಾರು. ಹತ್ತೊಂಬತ್ತು ನಾಲ್ಕಲಿ ಎಪ್ಪತ್ತಾರು. ಅವಳ ಎರಡನೆಯ ಸಾಲಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ವ್ಯಾಸ ಕೊಟ್ಟಿದೆ, ಆದ್ದರಿಂದ ವ್ಯಾಸಾರ್ಧ ಇದರ ಅರ್ಧ. ಅಲ್ಲಿಂದ ಕೊನೆಯ ತನಕ ಒಂದು ಅಂಕಿಯೂ ತಪ್ಪಿರಲಿಲ್ಲ.

ಪ್ರಶ್ನೆಪತ್ರಿಕೆಗಳನ್ನು ಪರೀಕ್ಷೆಯ ದಿನವೇ ತಿರುಗಿ ತೆಗೆದುಕೊಂಡಿದ್ದೆವು. ಕಪಾಟಿನಲ್ಲೇ ಇದ್ದವು. ನಾನು ಕಪಾಟಿನ ಬಾಗಿಲು ಅವಳಿಗೆ ಅಡ್ಡವಾಗುವಂತೆ ತೆರೆದು ಒಂದನ್ನು ನೋಡಿದೆ. 'ವ್ಯಾಸ'. ಅದರ ಮುಂದೆ ಎರಡಕ್ಷರದಷ್ಟು ಖಾಲಿ ಜಾಗ. ಬಾಗಿಲು ಹಾಕಿದೆ.

ಆಗ ನನ್ನ ಬಾಯಿಂದ ಬಂದ ಮಾತು ಇಂದಿಗೂ ಕಿವಿಯಲ್ಲಿ ಉಂಟು. "ವ್ಯಾಸಾರ್ಧ ಕೊಟ್ಟಿತ್ತಲ್ಲ. ನೀನು ಪುನಃ ಅರ್ಧ ಮಾಡಿದ್ದೀ."

"ಇಲ್ಲ ಟೀಚರ್, ವ್ಯಾಸ ಅಂತ ಇತ್ತು."

"ವ್ಯಾಸಾರ್ಧ ಅಂತ ಇತ್ತು. ಬರೆದವಳು ನಾನು, ನನಗೆ ಗೊತ್ತಿಲ್ವಾ? ಗಡಿಬಿಡಿಯಲ್ಲಿ ಓದಿದ್ದೀ."

ಅವಳು ನನ್ನನ್ನೇ ನೋಡಿದಳು. ಅನುಮಾನದಿಂದ ಅಲ್ಲ. ಅನುಮಾನಪಟ್ಟಿದ್ದರೆ ನಾನು ಬಾಯಿಬಿಡುತ್ತಿದ್ದೆನೇನೋ. ತನ್ನ ನೆನಪನ್ನು ತಾನೇ ಹುಡುಕುವವಳ ಹಾಗೆ ನೋಡಿದಳು. "ಹೌದಾ ಟೀಚರ್? ನನ್ನ ಕಣ್ಣಿಗೆ ಹಾಗೇ ಕಂಡಿತು. ಸಾರಿ ಟೀಚರ್." ಅವಳು ನನ್ನ ಹತ್ತಿರ ಕ್ಷಮೆ ಕೇಳಿದಳು! ನಾನು "ಪರವಾಗಿಲ್ಲ, ಇನ್ನು ಮುಂದೆ ಜಾಗ್ರತೆ" ಎಂದೆ. ಥೂ, ನನ್ನ ಜನ್ಮಕ್ಕೆ. ಆ ಹತ್ತು ಪ್ರತಿಗಳನ್ನು ಚೀಲದಲ್ಲಿ ಹಾಕಿ ಒಯ್ದು ಚಿಕ್ಕಮ್ಮನ ಬಚ್ಚಲಿನ ಒಲೆಗೆ ಹಾಕಿದೆ.

ಗ್ರಹಣದ ದಿನ ಮಧ್ಯಾಹ್ನದ ಮೇಲೆ ಕಾರ್ಕಳ ಬಾಗಿಲು ಹಾಕಿ ಕೂತಿತ್ತು. ಬಸ್ಸುಗಳು ಖಾಲಿ ಓಡುತ್ತಿದ್ದವು. ಚಿಕ್ಕಮ್ಮ ನೀರಿನ ಕೊಡಪಾನಕ್ಕೆ ದರ್ಭೆ ಹಾಕಿ, ನನ್ನನ್ನು ಹೊರಗೆ ಬಿಡಲು ಒಪ್ಪದೆ, ಕೊನೆಗೆ "ನಿನಗೆ ಹೇಳಿ ಪ್ರಯೋಜನ ಇಲ್ಲ" ಎಂದು ಒಳಗೆ ಹೋಗಿದ್ದರು. ಕಾಲೇಜಿನ ಮೈದಾನಕ್ಕೆ ಬಂದ ಮಕ್ಕಳು ಇಪ್ಪತ್ತೂ ಇರಲಿಲ್ಲ. ಬಿಸಿಲು ಮಂಕಾಗುತ್ತಾ ಬಂತು. ಮಾವಿನ ಮರದ ಕೆಳಗೆ ನೆರಳಿನ ನಡುವೆ ಬೀಳುವ ಬೆಳಕಿನ ಚುಕ್ಕಿಗಳೆಲ್ಲ ಕುಡುಗೋಲಿನ ಆಕಾರ ತಾಳಿದ್ದವು. ಕಾಗೆಗಳು ಮರಕ್ಕೆ ತಿರುಗಿದವು. ಗುಲಾಬಿ ಬಂದಿರಲಿಲ್ಲ. ಬಂದವರು ಅವಳ ಅಪ್ಪ.

ಮುಂಡಾಸಿನ ಮೇಲೆಲ್ಲ ಕಲ್ಲಿನ ಹುಡಿ. ಕೋರೆಯಿಂದ ನೇರ ಬಂದಿದ್ದರು. ದೂರದಲ್ಲೇ ನಿಂತಿದ್ದವರನ್ನು ನಾನೇ ಕರೆದೆ. ಅವರು ತುಳುವಿನಲ್ಲಿ ಮೆಲ್ಲಗೆ ಹೇಳಿದರು:

"ಟೀಚರೇ, ಬೇಜಾರು ಮಾಡಬೇಡಿ. ಮಗಳು ಎರಡು ದಿನದಿಂದ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಓದು ಬರಹ ಗೊತ್ತಿಲ್ಲ. ಆದರೆ ಅವಳು ತಪ್ಪು ಓದುವ ಹುಡುಗಿ ಅಲ್ಲ. ಆ ಕಾಗದ ಒಮ್ಮೆ ನೀವು ಪುನಃ ನೋಡ್ತೀರಾ?"

ದೇವರು ಎರಡನೆಯ ಸಲ ಬಾಗಿಲು ತೆರೆದು ಕೊಟ್ಟ ಹಾಗಾಗಿತ್ತು. ದೊಡ್ಡ ಸರ್ ಹತ್ತು ಹೆಜ್ಜೆ ಆಚೆ ಮಕ್ಕಳಿಗೆ ರಟ್ಟಿನ ಡಬ್ಬಿಯಲ್ಲಿ ಸೂರ್ಯನನ್ನು ತೋರಿಸುತ್ತಾ ಇದ್ದರು. ಒಂದು ಮಾತು ಸಾಕಿತ್ತು. ನನಗೆ ಕಂಡದ್ದು ಜೂನ್ ತಿಂಗಳು, ಕಾಪುವಿನ ಮನೆ, ನನ್ನ ಕೆಲಸದ ಮೇಲೆ ಆಸೆ ಇಟ್ಟುಕೊಂಡಿದ್ದ ಅಮ್ಮ.

"ನೋಡಿದ್ದೇನೆ ಅಣ್ಣ" ಎಂದೆ. "ಅವಳೇ ತಪ್ಪು ಓದಿದ್ದು."

ಅವರು ತಲೆಯಾಡಿಸಿದರು. "ಹಾಗಾದರೆ ಸರಿ" ಎಂದು, ಗ್ರಹಣದ ಕಡೆ ಕಣ್ಣೆತ್ತಿಯೂ ನೋಡದೆ, ಆ ಬೂದಿ ಬಣ್ಣದ ಬೆಳಕಿನಲ್ಲಿ ನಡೆದು ಹೋದರು.

ಜೂನ್‌ನಲ್ಲಿ ಮಳೆ ಹಿಡಿದ ವಾರ ನನಗೆ ಖಾಯಂ ಆದೇಶ ಬಂತು. ಅಮ್ಮ ಪಾಯಸ ಮಾಡಿದರು, ನಾನು ತಿಂದೆ. ಗುಲಾಬಿ ಎರಡನೆಯ ಪಿಯುಸಿಗೆ ಬಂದಳು. ಅವಳೇ ಅಲ್ಲ ಎಂಬ ಹಾಗೆ ಬಂದಳು. ಪ್ರಶ್ನೆಯ ಪ್ರತಿ ಶಬ್ದದ ಕೆಳಗೆ ಬೆರಳಿಟ್ಟು ಓದುತ್ತಿದ್ದಳು. ಓದಿ, ತಿರುಗಿ ಮೊದಲಿಗೆ ಹೋಗಿ ಪುನಃ ಓದುವಳು. ಹಾಗೆ ಮೂರು ನಾಲ್ಕು ಸಲ. ಬೇರೆಯವರು ಮೂರನೆಯ ಲೆಕ್ಕದಲ್ಲಿದ್ದರೆ ಇವಳು ಇನ್ನೂ ಮೊದಲನೆಯದನ್ನು ಓದುತ್ತಾ ಇರುವಳು. ಗಂಟೆ ಹೊಡೆಯುವಾಗ ಯಾವಾಗಲೂ ಎರಡು ಪ್ರಶ್ನೆ ಬಾಕಿ. "ಬೇಗ ಬರಿ ಮಾರಾಯ್ತಿ, ನಿನಗೆ ಬರ್ತದಲ್ಲ" ಎಂದು ಒಮ್ಮೆ ಹೇಳಿದೆ. "ನನ್ನ ಕಣ್ಣು ನಂಬಲಿಕ್ಕಾಗುವುದಿಲ್ಲ ಟೀಚರ್" ಎಂದಳು. ವಾರ್ಷಿಕ ಪರೀಕ್ಷೆಯಲ್ಲೂ ಹಾಗೇ ಆಯಿತು. ಪಾಸಾದಳು, ಅಷ್ಟೆ. ಬಿ.ಎಸ್ಸಿ.ಗೆ ಅರ್ಜಿ ಹಾಕಲೇ ಇಲ್ಲ. ಆಮೇಲೆ ಹುಣಿಯ ಮೇಲೆ ಅವಳು ಸಿಗುವುದೂ ನಿಂತಿತು. ನಿಜ ಹೇಳಬೇಕೆಂದರೆ ನಾನೇ ರಸ್ತೆಯಿಂದ ಹೋಗಲು ಶುರು ಮಾಡಿದ್ದೆ.

ಮುಂದಿನ ವರ್ಷ ನಮ್ಮ ವಿಭಾಗದ ಒಬ್ಬ ಹೊಸ ಲೆಕ್ಚರರ್ ಒಂದು ಇಡೀ ತರಗತಿಯ ಅಂಕ ಕೂಡಿಸುವಾಗ ತಪ್ಪು ಮಾಡಿದರು. ಅವರೂ ತಾತ್ಕಾಲಿಕದವರೇ. ತಾವಾಗಿ ಹೋಗಿ ದೊಡ್ಡ ಸರ್ ಹತ್ತಿರ ಒಪ್ಪಿಕೊಂಡರು. ಸರ್ ಕಾರಿಡಾರಿನಲ್ಲಿ ನಿಂತು ಹತ್ತು ನಿಮಿಷ ಬೈದರು, ಕತ್ತೆ ಎಂದರು, ದಂಡಪಿಂಡ ಎಂದರು. ಆಮೇಲೆ ಪಟ್ಟಿ ತಿದ್ದಿ, "ಚಾ ತರಿಸಿ ಮಾರಾಯ್ರೆ, ಗಂಟಲು ಒಣಗಿತು" ಎಂದರು. ಮುಗಿಯಿತು. ನಾನು ಲ್ಯಾಬಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದೆ. ಅಲ್ಲೇ ಸ್ಟೂಲಿನ ಮೇಲೆ ಕೂತೆ.

ಆಮೇಲೆ ಐದಾರು ವರ್ಷ ಕಳೆದಿರಬೇಕು. ಕಾಲೇಜಿನ ವಾರ್ಷಿಕ ಸಂಚಿಕೆ ಅಚ್ಚಿಗೆ ಕೊಡಲು ಉಡುಪಿಯ ಒಂದು ಸಣ್ಣ ಪ್ರೆಸ್ಸಿಗೆ ಹೋಗಿದ್ದೆ. ಮಾಲಿಕರು, "ಪ್ರೂಫಿನ ಬಗ್ಗೆ ನೀವು ತಲೆಬಿಸಿ ಮಾಡ್ಲಿಕ್ಕೆ ಇಲ್ಲ ಮೇಡಂ, ನಮ್ಮಲ್ಲಿ ಒಬ್ಬಳು ಇದ್ದಾಳೆ, ಒಂದು ಸೊನ್ನೆ ತಪ್ಪಿದರೂ ಬಿಡುವುದಿಲ್ಲ" ಎಂದು ಒಳಗೆ ಕರೆದುಕೊಂಡು ಹೋದರು. ಕಿಟಕಿಯ ಬಳಿ ಹಾಳೆಗಳ ಮುಂದೆ ಗುಲಾಬಿ ಕೂತಿದ್ದಳು.

ಎದ್ದು ನಿಂತು ಬಾಯ್ತುಂಬ ನಕ್ಕಳು. ಕುರ್ಚಿ ಎಳೆದಳು, ಚಾ ತರಿಸಿದಳು. ಮಾಲಿಕರಿಗೆ, "ಇವರು ನನ್ನ ಟೀಚರ್. ನನಗೆ ಓದುವುದು ಹೇಗೆ ಎಂದು ಕಲಿಸಿದ್ದು ಇವರೇ. ಒಮ್ಮೆ ಗಡಿಬಿಡಿಯಲ್ಲಿ ಓದಿ ಪೆಟ್ಟು ತಿಂದೆ. ಇವರು ಹೇಳಿದ ಮೇಲೆ ಇಂದಿನವರೆಗೆ ಒಂದು ಸಾಲನ್ನೂ ನಾಲ್ಕು ಸಲ ಓದದೆ ಬಿಟ್ಟದ್ದಿಲ್ಲ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಗಳಿಕೆ ತಡೆಯಲಿಲ್ಲ. ಮಾಲಿಕರು ಆಚೆ ಹೋದ ಮೇಲೆ ಎಲ್ಲ ಹೇಳಿದೆ. ಸ್ಟೆನ್ಸಿಲ್, ದ್ರವ, ಕಪಾಟು, ಒಲೆ. ಯಂತ್ರದ ಸದ್ದಿನಲ್ಲಿ ಎರಡೆರಡು ಸಲ ಹೇಳಬೇಕಾಯಿತು. ಅವಳು ಕೇಳಿದ್ದು ಒಂದೇ:

"ಹಾಗಾದರೆ ವ್ಯಾಸ ಅಂತಲೇ ಇತ್ತಾ?"

"ಇತ್ತು."

ಅವಳು ಮುಂದಿದ್ದ ಪ್ರೂಫಿನ ಹಾಳೆಗಳ ಅಂಚು ಒಂದೊಂದಾಗಿ ಸರಿಮಾಡಿ ಪಕ್ಕಕ್ಕಿಟ್ಟಳು. ಚಾ ಕೆನೆಗಟ್ಟಿತು. ಆಮೇಲೆ ಹೇಳಿದಳು, "ಅಪ್ಪ ನಂಬಲೇ ಇಲ್ಲ ಟೀಚರ್. ಗ್ರಹಣದ ದಿನ ನಿಮ್ಮನ್ನು ನೋಡಿ ಬಂದ ಮೇಲೂ, ನೀನು ತಪ್ಪು ಓದಿರ್ಲಿಕ್ಕಿಲ್ಲ ಮಗಾ ಅಂತಲೇ ಹೇಳ್ತಿದ್ದರು. ಕೇಳಿ ಕೇಳಿ ನನಗೆ ಸಿಟ್ಟು ಬಂತು. ಅಕ್ಷರ ಗೊತ್ತಿಲ್ಲದ ನಿಮಗೆ ಎಂತ ಗೊತ್ತುಂಟು, ಟೀಚರ್ ಸುಳ್ಳು ಹೇಳ್ತಾರಾ ಅಂದುಬಿಟ್ಟೆ. ಆಮೇಲೆ ಅವರು ನನ್ನ ಓದಿನ ಬಗ್ಗೆ ಯಾವತ್ತೂ ಮಾತಾಡಿದ್ದಿಲ್ಲ." ನನ್ನ ಕಡೆ ತಿರುಗಿದಳು. "ನೀವು ಬಂದು ಅವರ ಹತ್ತಿರ ಹೇಳಬೇಕು. ನಾನು ಹೇಳಿದರೆ ಆಗುವುದಿಲ್ಲ. ನೀವೇ ಹೇಳಬೇಕು."

ಆ ಆದಿತ್ಯವಾರ ಹೋದೆ. ಕುಕ್ಕುಂದೂರಿನ ಅವರ ಮನೆಯ ಜಗಲಿಯಲ್ಲಿ ಮುದುಕರು ಹುಣಸೆಹುಳಿಯ ಬೀಜ ಬಿಡಿಸುತ್ತಿದ್ದರು. ಕೋರೆಯ ಕೆಲಸ ಬಿಟ್ಟು ಎರಡು ವರ್ಷ ಆಗಿತ್ತಂತೆ. ನಾನು ಕೆಳಗೇ ಕೂತು ತುಳುವಿನಲ್ಲಿ ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿದರು. ಗುಲಾಬಿ ಬಾಗಿಲಿನ ದಾರಂದಕ್ಕೆ ಒರಗಿ ನಿಂತಿದ್ದಳು.

"ಆವತ್ತು ನಾನು ಬಂದು ಕೇಳಿದಾಗ ಯಾಕೆ ಹೇಳಲಿಲ್ಲ?"

"ಕೆಲಸ ಹೋಗ್ತದೆ ಎಂದು ಹೆದರಿದೆ ಅಣ್ಣ."

"ಹೇಳಿದ್ದರೆ ಹೋಗ್ತಿತ್ತಾ?"

ಹೌದು ಎಂದುಬಿಡಬಹುದಿತ್ತು. ಅವರು ನಂಬುತ್ತಿದ್ದರು. ಆದರೆ ಆ ಮನೆಯಲ್ಲಿ ಇನ್ನೊಂದು ಸುಳ್ಳು ಹೇಳಲು ನನ್ನ ನಾಲಗೆ ಏಳಲಿಲ್ಲ. "ಇಲ್ಲ" ಎಂದೆ. "ಸರ್ ಬೈಯುತ್ತಿದ್ದರು. ಅಷ್ಟೆ."

"ಒಂದು ಬೈಗುಳ" ಎಂದರು ಮುದುಕರು, ತನಗೆ ತಾನೇ ಎಂಬ ಹಾಗೆ. ಬೀಜದ ತಟ್ಟೆ ಪಕ್ಕಕ್ಕೆ ಸರಿಸಿ ಮಗಳ ಕಡೆ ನೋಡಿದರು. "ನಿನ್ನ ಕಣ್ಣಿಗೆ ಎಂತದೂ ಆಗಿರಲಿಲ್ಲ ಮಗಾ."

ಲ್ಯಾಬಿನಲ್ಲಿ ಅಳದಿದ್ದ, ಪ್ರೆಸ್ಸಿನಲ್ಲೂ ಅಳದಿದ್ದ ಗುಲಾಬಿ ಅಪ್ಪನ ಹತ್ತಿರ ಕುಸಿದು ಕೂತು ಸಣ್ಣ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಅವರು ಹುಳಿ ಮೆತ್ತಿದ ಕೈ ತಾಗದ ಹಾಗೆ ಎತ್ತಿ ಹಿಡಿದು, ತೋಳಿನಿಂದ ಅವಳ ತಲೆ ಸವರಿದರು. ಇಬ್ಬರೂ ನನ್ನ ಕಡೆ ನೋಡಲಿಲ್ಲ. ನಾನು ಕಾಯುತ್ತಾ ಕೂತೆ. ಅವರು ಏನಾದರೂ ಹೇಳಲಿ, ಎದ್ದು ಹೋಗು ಎನ್ನಲಿ, ಥೂ ಎನ್ನಲಿ ಎಂದು ಕಾದೆ. ಕೊನೆಗೆ ನಾನೇ ಎದ್ದು ಚಪ್ಪಲಿ ಹಾಕಿಕೊಂಡು ಬಸ್ಸಿಗೆ ನಡೆದೆ. ಯಾರೂ ಬೈಯಲಿಲ್ಲ. ಇಂದಿನವರೆಗೂ ಬೈದಿಲ್ಲ.